ಸ್ವಂತದ್ದೋ, ಸರ್ಕಾರದ್ದೋ

ಶಾಲೆಯ ಗೇಟಿನಿಂದ ಎಣಿಸಿದರೆ ನಾಲ್ಕನೆಯ ಬಾಗಿಲು ಟೈಲರ್ ಮಾಸ್ಟರದು. ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ. ನಡುವೆ ಗೋಡೆ ಕಟ್ಟಿಸುವ ಕಾಲ ಕೂಡಿ ಬಾರದೆ ಒಂದು ಪರದೆ ನೇತುಬಿದ್ದಿತ್ತು. ಯೂನಿಫಾರಂ ಹೊಲಿದು ಉಳಿದ ನೀಲಿ, ಬೂದು, ಬಿಳಿ ತುಂಡುಗಳನ್ನು ಜೋಡಿಸಿ ಅವರ ಹೆಂಡತಿ ಹೊಲಿದ ಪರದೆ ಅದು. ಈಚೆ ಆಡಿದ ಮಾತೆಲ್ಲ ಆಚೆ ಕೇಳುತ್ತಿತ್ತು. ಆಚೆಯದು ಮಾತ್ರ ಈಚೆ ಕೇಳುತ್ತಿರಲಿಲ್ಲ, ಏಕೆಂದರೆ ಈಚೆ ಮಾಸ್ಟರು ಬಾಯಿ ಮುಚ್ಚಿದ್ದೇ ಅಪರೂಪ.

ಇಪ್ಪತ್ತೆರಡು ವರ್ಷಗಳಿಂದ ಅವರು ಹೊಲಿದದ್ದು ಬರೀ ಶಾಲೆಯ ಬಟ್ಟೆ. ರಸ್ತೆಯ ಆಚೆ ಬದಿ ನಡೆದುಹೋಗುವ ಹುಡುಗನನ್ನು ಕುಳಿತಲ್ಲಿಂದಲೇ ನೋಡಿ, "ಎದೆ ಇಪ್ಪತ್ತಾರು, ತೋಳು ಆರೂವರೆ" ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಟೇಪು ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಲಂಗದ ಅಂಚಿನಲ್ಲಿ ನಾಲ್ಕು ಬೆರಳು, ಪ್ಯಾಂಟಿನ ಕಾಲಿನಲ್ಲಿ ಮೂರು ಬೆರಳು ಬಟ್ಟೆಯನ್ನು ಒಳಗೆ ಮಡಚಿ ಬಿಡುವುದು ಅವರ ಪದ್ಧತಿ. "ಮಕ್ಕಳು ಬೆಳೀತಾರೆ ತಾಯಿ, ಅವರಪ್ಪನ ಸಂಬಳ ಬೆಳೆಯಲ್ಲ. ಬಟ್ಟೆನಾದ್ರೂ ಬೆಳೀಲಿ ಬಿಡಿ" ಎನ್ನುತ್ತಿದ್ದರು. ಕತ್ತರಿ ಎಷ್ಟು ಹರಿತವೋ ನಾಲಿಗೆಯೂ ಅಷ್ಟೇ ಹರಿತ. ಬಟ್ಟೆ ಕೊಡಲು ಬಂದವರು ಮಾತು ಕೇಳುತ್ತ ಇನ್ನೊಂದು ಗಳಿಗೆ ನಿಲ್ಲುತ್ತಿದ್ದರು. ನಿವೃತ್ತನಾದ ಅಂಚೆಯಣ್ಣನಂತೂ ಬೆಳಗಿನ ಪತ್ರಿಕೆ ಹಿಡಿದು ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತರೆ ಊಟದ ಹೊತ್ತಿಗೇ ಏಳುತ್ತಿದ್ದುದು.

ಆ ವರ್ಷ ಬೆಲೆಗಳಿಗೆ ರೆಕ್ಕೆ ಮೂಡಿತು. ಬಟ್ಟೆಯ ಸಗಟು ಅಂಗಡಿಯವನು ಗೋಡೆಗೆ ಅಂಟಿಸಿದ್ದ ದರಪಟ್ಟಿ ಕಿತ್ತು ಸ್ಲೇಟು ತೂಗುಹಾಕಿದ, ಅಳಿಸಿ ಬರೆಯಲು ಸುಲಭವಾಗಲಿ ಎಂದು. ಮನೆಮನೆಗಳಲ್ಲಿ ಅಡುಗೆ ಎಣ್ಣೆ ಡಬ್ಬಿಯಿಂದ ಬಾಟಲಿಗೆ, ಬಾಟಲಿಯಿಂದ ಅಂಗೈಯಗಲದ ಪೊಟ್ಟಣಕ್ಕೆ ಇಳಿಯಿತು. ಹಾಲು ತೆಳ್ಳಗಾಯಿತು, ಸೋಪು ಸಣ್ಣದಾಯಿತು, ನೋಟ್‌ಬುಕ್ಕಿನ ಹಾಳೆಗಳು ಕಡಿಮೆಯಾದವು. ಮಾಸ್ಟರಲ್ಲಿಗೆ ಹೊಸ ಬಟ್ಟೆ ಹೊಲಿಸಲು ಬರುವವರು ಕರಗಿ, ಕಾಲರ್ ತಿರುವಿಸಲು, ಮಂಡಿಗೆ ತೇಪೆ ಹಾಕಿಸಲು, ಅಣ್ಣನ ಪ್ಯಾಂಟು ತಮ್ಮನಿಗೆ ಇಳಿಸಲು ಬರುವವರು ಹೆಚ್ಚಿದರು. ಕೆಲಸ ದುಪ್ಪಟ್ಟು, ಕೂಲಿ ಅರ್ಧ.

ಅಷ್ಟರಲ್ಲಿ ಸರ್ಕಾರ ಶಾಲಾ ಭತ್ಯೆ ಎಂದು ಒಂದು ಯೋಜನೆ ತಂದಿತು. ಬೆಲೆ ಹದಕ್ಕೆ ಬರುವ ತನಕ, ಶಾಲೆಗೆ ಹೋಗುವ ಪ್ರತಿ ಮಗುವಿಗೆ ತಿಂಗಳಿಗೆ ಇಷ್ಟು ಎಂದು ತಾಯಿಯ ಬ್ಯಾಂಕ್ ಖಾತೆಗೇ ಹಣ. ಅರ್ಜಿಗೆ ಎರಡು ಸಹಿ ಬೇಕು: ಒಂದು ಶಾಲೆಯ ದೊಡ್ಡ ಮೇಡಂದು, ಇನ್ನೊಂದು, ಆ ಬೀದಿಯಲ್ಲಿ ಲೈಸೆನ್ಸ್ ಇಟ್ಟುಕೊಂಡು ವ್ಯಾಪಾರ ಮಾಡುವ ಯಾರಾದರೊಬ್ಬರದು, ಈ ಕುಟುಂಬದ ಆದಾಯ ಇಷ್ಟೇ ಎಂಬುದು ನನಗೆ ಗೊತ್ತು ಎಂದು.

"ನಮಗೂ ಬರುತ್ತಂತೆ ರೀ," ಎಂದು ಹೆಂಡತಿ ಒಮ್ಮೆ ಗುಂಡಿ ಹಚ್ಚುತ್ತ ಹೇಳಿದಳು. "ಇಬ್ಬರಿಗೂ ಸೇರಿ."

"ನನ್ನ ಎರಡು ಕೈ ನೆಟ್ಟಗಿರೋ ತನಕ ನನ್ನ ಮಕ್ಕಳು ಬಿಟ್ಟಿ ದುಡ್ಡಲ್ಲಿ ಓದೋದು ಬೇಡ," ಎಂದರು ಮಾಸ್ಟರು.

ಅವಳು ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಗುಂಡಿ ಎತ್ತಿಕೊಂಡಳು. ಒಪ್ಪಿದಳೆಂದು ಅವರು ತಿಳಿದರು.

ಆ ಮಾತಿಗೆ ಬರಿಯ ಜಂಬ ಕಾರಣವಾಗಿರಲಿಲ್ಲ. ಮಾಸ್ಟರು ಎಂಟು ವರ್ಷದವರಿದ್ದಾಗ ಯಾರೋ ಪುಣ್ಯಾತ್ಮರು ಶಾಲೆಗೆ ಹಳೆ ಬಟ್ಟೆಯ ಗಂಟು ಕಳಿಸಿದ್ದರು. ಅದರಲ್ಲಿದ್ದ ಗೆರೆಗೆರೆಯ ಅಂಗಿಯೊಂದು ಇವರ ಪಾಲಿಗೆ ಬಂತು. ಮಾರನೆಯ ದಿನ ತೊಟ್ಟು ಹೋದಾಗ ಪಕ್ಕದ ಸಾಲಿನ ಹುಡುಗ ಎದ್ದು ನಿಂತು, "ಮೇಡಂ, ಅದು ನನ್ನಂಗಿ. ಜೇಬಿನ ಮೇಲೆ ಮಸಿ ಚೆಲ್ಲಿದ್ದು ನಾನೇ" ಎಂದ. ಅವನಿಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಕಳೆದುಹೋದ ಗೆಳೆಯನನ್ನು ಕಂಡಂತೆ ಖುಷಿಯಿಂದಲೇ ಹೇಳಿದ್ದ. ತರಗತಿಯೆಲ್ಲ ನಕ್ಕಿತು. ಇವರು ಇಡೀ ದಿನ ಎದೆಯ ಮೇಲೆ ಕೈ ಇಟ್ಟು ಮಸಿ ಮುಚ್ಚಿಕೊಂಡೇ ಕುಳಿತರು. ಅಂಥ ನೋವು ತಿಂದವರು ಇನ್ನೊಬ್ಬರಿಗೆ ಅದನ್ನೇ ಬಡಿಸಬಾರದಲ್ಲವೇ? ಆದರೆ ಮನುಷ್ಯನ ಸ್ವಭಾವ ವಿಚಿತ್ರ. ಯಾವ ಗುಂಡಿಗೆ ತಾನು ಬಿದ್ದಿದ್ದನೋ ಅದರ ದಂಡೆಯಲ್ಲಿ ನಿಂತು ನಗುವುದೇ ಹತ್ತಿ ಬಂದುದಕ್ಕೆ ಸಾಕ್ಷಿ ಎಂದುಕೊಂಡುಬಿಡುತ್ತಾನೆ.

ಭತ್ಯೆ ಶುರುವಾದ ಮೇಲೆ ಅಂಗಡಿಗೆ ಹೊಸ ಬಟ್ಟೆಯ ಗಿರಾಕಿಗಳು ಮತ್ತೆ ಬರತೊಡಗಿದರು. ಅದರಿಂದ ಹೊಟ್ಟೆ ತುಂಬಿದ್ದು ಮಾಸ್ಟರದೇ. ಆದರೂ ಪ್ರತಿಯೊಬ್ಬರ ಮಗುವಿನ ಬೆನ್ನಿಗೆ ಟೇಪು ಇಡುವಾಗ ಅವರು ಕಣ್ಣು ಮಿಟುಕಿಸಿ ಒಂದು ಪ್ರಶ್ನೆ ಎಸೆಯುತ್ತಿದ್ದರು: "ಸ್ವಂತದ್ದೋ, ಸರ್ಕಾರದ್ದೋ?"

ಬೆಂಚಿನಲ್ಲಿದ್ದವರು ಗೊಳ್ಳೆನ್ನುತ್ತಿದ್ದರು. ಕೇಳಿಸಿಕೊಂಡವರಲ್ಲಿ ಕೆಲವರು ತಾವೂ ನಕ್ಕು ತೇಲಿಸುತ್ತಿದ್ದರು. ಕೆಲವರು ಸುಳ್ಳು ಹೇಳುತ್ತಿದ್ದರು. ಒಬ್ಬ ಗಾರೆ ಕೆಲಸದವನು, "ಸರ್ಕಾರದ್ದೇ ಮಾಸ್ಟರ್, ಅದಕ್ಕೇ ಹೊಲಿಗೆ ಗಟ್ಟಿ ಹಾಕಿ, ಸರ್ಕಾರ ಬಿದ್ರೂ ಹೊಲಿಗೆ ಬೀಳಬಾರ್ದು" ಎಂದು ಎದುರುತ್ತರ ಕೊಟ್ಟಾಗ ಮಾಸ್ಟರು ಬಿದ್ದುಬಿದ್ದು ನಕ್ಕಿದ್ದರು. ತಮಾಷೆ ಎಲ್ಲರಿಗೂ ಹಿಡಿಸಿದೆ ಎಂದೇ ಅವರ ನಂಬಿಕೆ.

ಒಂದು ದಿನ ಮಧ್ಯಾಹ್ನ ಬೇಕರಿಯಮ್ಮ ಬಂದಳು. ಬೇಕರಿ ಅವಳದಲ್ಲ, ಮೂಲೆಯ ಬೇಕರಿಯಲ್ಲಿ ತಟ್ಟೆ, ಅಚ್ಚು, ಬಾಣಲೆ ಉಜ್ಜುವವಳು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಅವಳ ಒಬ್ಬಳೇ ಮಗಳು ಮಾಸ್ಟರ ಮಗಳ ತರಗತಿಯವಳು, ಒಂದೇ ಬೆಂಚಿನವಳು. ಅಂಗಡಿಯಲ್ಲಿ ಅಂಚೆಯಣ್ಣನಲ್ಲದೆ ಇನ್ನೂ ಮೂವರಿದ್ದರು. ಬೇಕರಿಯಮ್ಮ ಅವರೆಲ್ಲ ಹೋಗಲೆಂದು ಕಾಯುವವಳಂತೆ ಬಾಗಿಲ ಬಳಿ ನಿಂತಳು. ಯಾರೂ ಹೋಗಲಿಲ್ಲ.

"ಬನ್ನಿ ತಾಯಿ, ಏನಾಗ್ಬೇಕಿತ್ತು?"

"ಮಾಸ್ಟರ್, ಮಗಳಿಗೆ ಒಂದು ಲಂಗ... ಮತ್ತೆ ಒಂದು ಸಣ್ಣ ಕೆಲಸ..." ಎನ್ನುತ್ತ ಅವಳು ಕೈಯನ್ನು ಚೀಲದೊಳಗೆ ಹಾಕಿದಳು.

"ಲಂಗ ಹೊಲಿಯೋಣ, ಅದಕ್ಕೇನು? ಮೊದಲು ಹೇಳಿ, ಸ್ವಂತದ್ದೋ, ಸರ್ಕಾರದ್ದೋ?"

ನಗು ಎದ್ದಿತು. ಬೇಕರಿಯಮ್ಮ ಚೀಲದೊಳಗಿನ ಕೈಯನ್ನು ಅಲ್ಲೇ ಬಿಟ್ಟು ಒಂದು ಕ್ಷಣ ನಿಂತಳು. ಆಮೇಲೆ ಕೈ ಹೊರಬಂತು. ಅದರಲ್ಲಿ ಕಾಗದ ಇರಲಿಲ್ಲ, ಪುಟ್ಟ ಪರ್ಸು ಇತ್ತು.

"ಸ್ವಂತದ್ದೇ ಮಾಸ್ಟರ್," ಎಂದಳು.

"ಹಾಗನ್ನಿ ಮತ್ತೆ! ನೋಡಿ ಕಲೀರಪ್ಪ ಎಲ್ರೂ!" ಎಂದರು ಮಾಸ್ಟರು, ಮೆಚ್ಚುಗೆಯಿಂದಲೇ. ಸಣ್ಣ ಕೆಲಸ ಏನೆಂದು ಕೇಳಲು ಮರೆತರು. ಅವಳೂ ಹೇಳಲಿಲ್ಲ.

ತಿಂಗಳುಗಳು ಕಳೆದವು. ವರ್ಷದ ಪರೀಕ್ಷೆಗೆ ಇನ್ನೆರಡು ತಿಂಗಳಿದೆ ಎನ್ನುವಾಗ, ಒಂದು ಬೆಳಿಗ್ಗೆ, ಕಂಕುಳಲ್ಲಿ ದಪ್ಪ ರಿಜಿಸ್ಟರ್ ಅವಚಿಕೊಂಡ ತರುಣಿಯೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿ ತುಂಬಿತ್ತು, ಗಾರೆ ಕೆಲಸದವನೂ ಇದ್ದ, ಅಂಚೆಯಣ್ಣ ಬೆಂಚಿನಲ್ಲಿದ್ದ.

"ಶಾಲಾ ಭತ್ಯೆ ಕಚೇರಿಯಿಂದ ಬಂದಿದ್ದೀನಿ. ಹಣ ತಗೊಳ್ತಿರೋ ಮನೆಗಳ ಪರಿಶೀಲನೆ. ಇಬ್ಬರು ಮಕ್ಕಳು, ತಂದೆ ಟೈಲರ್. ಈ ಮನೆನೇ ಅಲ್ವಾ?"

ಮಾಸ್ಟರು ಸೀಮೆಸುಣ್ಣದ ಬಿಲ್ಲೆ ಕೆಳಗಿಟ್ಟು ನಕ್ಕರು. "ತಪ್ಪು ವಿಳಾಸ ಮೇಡಂ. ಈ ಬೀದಿಯಲ್ಲಿ ಆ ದುಡ್ಡು ಮುಟ್ಟದ ಮನೆ ಅಂತ ಒಂದಿದ್ರೆ ಅದು ಇದೇ. ಬೇಕಾದ್ರೆ ಇವರನ್ನೆಲ್ಲ ಕೇಳಿ."

"ಇಲ್ಲಿ ವಿಳಾಸ ಇದೇ ಇದೆಯಲ್ಲ ಸಾರ್..."

ಪರದೆ ಸರಿಯಿತು. ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಬಂದಳು. ಇನ್ನೊಂದು ಕೈಯಲ್ಲಿ ಕಾಗದಗಳನ್ನು ನೀಟಾಗಿ ಜೋಡಿಸಿದ್ದ ಪ್ಲಾಸ್ಟಿಕ್ ಕವರಿತ್ತು.

"ನಮ್ಮದೇ ಮೇಡಂ," ಎಂದಳು. ಗಂಡನ ಕಡೆ ನೋಡಲಿಲ್ಲ.

ತರುಣಿ ನಿಂತಲ್ಲೇ ಕಾಗದ ತಿರುವಿದಳು, ಎರಡು ಕಡೆ ಗುರುತು ಹಾಕಿದಳು, ಸಹಿ ಮಾಡಿಸಿಕೊಂಡಳು. ಎಲ್ಲ ಸೇರಿ ಐದು ನಿಮಿಷವೂ ಇರಲಿಕ್ಕಿಲ್ಲ. ಮಾಸ್ಟರಿಗೆ ಅದು ಒಂದು ಕೋಟು ಹೊಲಿದು ಮುಗಿಸುವಷ್ಟು ಹೊತ್ತು ಎನ್ನಿಸಿತು. ಅವಳು ಮೆಟ್ಟಿಲಿಳಿದು ಹೋದಳು. ಆಗ ಅಂಚೆಯಣ್ಣ, ಅದೂ ಕೆಟ್ಟ ಮನಸ್ಸಿನಿಂದಲ್ಲ, ಇಷ್ಟು ದಿನ ಆ ಜಾಗದಲ್ಲಿ ಆ ಮಾತೇ ಬರುತ್ತಿತ್ತಾದ್ದರಿಂದ ನಾಲಿಗೆಗೆ ರೂಢಿ ಬಿದ್ದು, ಪತ್ರಿಕೆಯ ಹಿಂದಿನಿಂದ ಅಂದುಬಿಟ್ಟ:

"ಮಾಸ್ಟರ್, ಸ್ವಂತದ್ದೋ, ಸರ್ಕಾರದ್ದೋ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾರೆ ಕೆಲಸದವನು ತನ್ನ ಮಗನ ಹೆಗಲ ಮೇಲೆ ಕೈಯಿಟ್ಟು, "ಆಮೇಲೆ ಬರ್ತೀವಿ ಮಾಸ್ಟರ್" ಎಂದು ಮೆಲ್ಲಗೆ ಇಳಿದುಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ಮಾಸ್ಟರು ಮೆಷಿನ್ನಿಗೆ ಕುಳಿತು ಪೆಡಲು ತುಳಿಯತೊಡಗಿದರು. ಒಂದು ಇಡೀ ತೋಳು ಹೊಲಿದು ಎತ್ತಿ ನೋಡಿದರೆ ಎರಡು ತುಂಡೂ ಬೇರೆಬೇರೆಯಾಗಿ ಜೋತುಬಿದ್ದವು. ಸೂಜಿಯಲ್ಲಿ ದಾರವೇ ಇರಲಿಲ್ಲ.

ಸಂಜೆ ಬಾಗಿಲು ಎಳೆದುಕೊಂಡು ಪರದೆಯ ಆಚೆ ಹೋದರು.

"ಎಷ್ಟು ದಿನದಿಂದ?"

"ಮೊದಲ ತಿಂಗಳಿಂದ. ಔಷಧಿ ಅಂಗಡಿಯವರ ಹತ್ರ ಸಹಿ ಹಾಕಿಸ್ಕೊಂಡೆ." ಅವಳ ದನಿಯಲ್ಲಿ ಅಳುಕಿರಲಿಲ್ಲ, ದಣಿವಿತ್ತು.

"ನನ್ನ ಮುಖಕ್ಕೆ ಮಸಿ ಬಳಿದೆಯಲ್ಲೇ!"

"ನಾನು ಬಳಿದೆನಾ? ನೀವು ಮುಂದೆ ಕೂತು ದಿನಾ ಹತ್ತು ಜನರ ಮುಖಕ್ಕೆ ಬಳೀತಿದ್ರಿ. ನಾನು ಹಿಂದೆ ಕೂತು ಕೇಳಿಸ್ಕೊಳ್ತಿದ್ದೆ. ನಿಮಗೆ ಗೊತ್ತಿಲ್ದೆ ದಿನಾ ನನಗೂ ಬಳೀತಿದ್ರಿ."

ಮಾಸ್ಟರು ಮುಖ ತಿರುಗಿಸಿದರು. ಮೂಲೆಯಲ್ಲಿ ಒಂಬತ್ತು ವರ್ಷದ ಮಗ ಲೆಕ್ಕದ ಪುಸ್ತಕದ ಮೇಲೆ ಬಗ್ಗಿದ್ದ. ಅವನ ಮೂಗಿನ ಮೇಲೆ ಹೊಸ ಕನ್ನಡಕ. ಬೋರ್ಡು ಕಾಣದೆ ಒದ್ದಾಡುತ್ತಿದ್ದವನಿಗೆ ಸೋದರಮಾವ ಕೊಡಿಸಿದ್ದೆಂದು ಹೆಂಡತಿ ಹೇಳಿದ್ದಳು. ಭಾವಮೈದುನನ ದೊಡ್ಡ ಮನಸ್ಸಿಗೆ ಕರಗಿ ಮಾಸ್ಟರು ಅವನಿಗೊಂದು ಶರಟು ಹೊಲಿದು ಕೊಟ್ಟಿದ್ದರು, ಕೂಲಿ ತೆಗೆದುಕೊಳ್ಳದೆ.

"ಹಾಗಾದ್ರೆ ಆ ಕನ್ನಡಕ..."

"ಹೂಂ, ಅದೇ ದುಡ್ಡಲ್ಲಿ."

"ನಿಮ್ಮಣ್ಣ ಮತ್ತೆ ಆ ಶರಟು ತಗೊಂಡ್ನಲ್ಲೇ! ಏನೂ ಅನ್ಲೇ ಇಲ್ಲ!"

"ಕೊಟ್ರೆ ಯಾರು ಬೇಡ ಅಂತಾರೆ?" ಎಂದಳು ಅವಳು. ಬೇರೆ ದಿನವಾಗಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದರು. ಅವಳ ತುಟಿ ಕೊಂಚ ಅಲುಗಿತು ಕೂಡ. ಇವರಿಗೆ ಆಗಲಿಲ್ಲ.

"ನಾಳೆನೇ ಹೋಗಿ ವಾಪಸ್ ಕಟ್ಟಿ ಬರ್ತೀನಿ."

"ಕಟ್ಟಿ. ಅವನ ಮೂಗಿಂದ ಕನ್ನಡಕ ನೀವೇ ತೆಗೀರಿ. ನನ್ನ ಕೈಲಾಗಲ್ಲ."

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಹದಿನಾಲ್ಕು ವರ್ಷದ ಮಗಳು ಆಗ ಬಾಯಿ ತೆರೆದಳು. "ಅಪ್ಪಾ, ನಿನಗೆ ನಾಚಿಕೆ ಆಗ್ತಿರೋದು ತಪ್ಪು ವಿಷಯಕ್ಕೆ."

"ಏನಂದೆ?"

"ನಾವು ದುಡ್ಡು ತಗೊಂಡಿದ್ದಕ್ಕಲ್ಲ ನಾಚ್ಕೋಬೇಕಾಗಿರೋದು. ನನ್ನ ಪಕ್ಕ ಕೂರ್ತಿದ್ದೋಳು ಶಾಲೆ ಬಿಟ್ಟು ಮೂರು ತಿಂಗಳಾಯ್ತು. ಬೇಕರಿಲಿ ಡಬ್ಬ ಮಡಚ್ತಿದ್ದಾಳೆ. ಅವರಮ್ಮ ಅವತ್ತು ಅರ್ಜಿ ಹಿಡ್ಕೊಂಡು ಬಂದಿದ್ರು ನಿನ್ನ ಹತ್ರ. ಸಹಿಗೆ. ದೊಡ್ಡ ಮೇಡಂ ಸಹಿ ಆಗಿತ್ತು, ನಿನ್ನದೊಂದೇ ಬಾಕಿ. ನೀನು ನಗಾಡಿದೆ. ಅವರು ಲಂಗ ಹೊಲಿಸಿಕೊಂಡು ಹೋದ್ರು. ತಿಂಗಳ ಮನೆ ಬಾಡಿಗೆ ದುಡ್ಡದು."

ಚೀಲದೊಳಗೆ ನಿಂತುಹೋದ ಆ ಕೈ ಆಗ ಮಾಸ್ಟರ ಕಣ್ಣೆದುರು ಬಂತು. ಸಣ್ಣ ಕೆಲಸ. ಇಪ್ಪತ್ತೆರಡು ವರ್ಷ ಮಕ್ಕಳ ಎದೆ, ಬೆನ್ನು, ತೋಳು ಅಳೆದು ಎಂದೂ ತಪ್ಪದವರಿಗೆ, ಎದುರು ನಿಂತ ಹೆಂಗಸಿನ ಮುಖದ ಅಳತೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಆದ ಅವಮಾನ ಇದರ ಮುಂದೆ ಸೊಳ್ಳೆ ಕಚ್ಚಿದಷ್ಟು. ಅದು ಬೇರೆಯವರು ಕೊಟ್ಟ ನಾಚಿಕೆ, ಎರಡು ದಿನಕ್ಕೆ ಆರುತ್ತದೆ. ಇದು ತಾವೇ ನೆಟ್ಟು ನೀರೆರೆದದ್ದು. ಅವರು ಊಟಕ್ಕೆ ಕುಳಿತರು, ತಟ್ಟೆ ಹಾಗೇ ಉಳಿಯಿತು.

ಮಾರನೆಯ ದಿನ ಮಧ್ಯಾಹ್ನ ಬೇಕರಿಯ ಹಿಂಬಾಗಿಲಿಗೆ ಹೋದರು. ಒಳಗೆ ಒಲೆಯ ಕಾವು, ಸುಟ್ಟ ಸಕ್ಕರೆಯ ವಾಸನೆ. ಬೇಕರಿಯಮ್ಮ ಮೊಣಕೈವರೆಗೆ ಬೂದುಬಣ್ಣದ ನೀರಿನಲ್ಲಿ ಕೈ ಅದ್ದಿ ಬ್ರೆಡ್ಡಿನ ಅಚ್ಚು ಉಜ್ಜುತ್ತಿದ್ದಳು. ಆಚೆ ಮೇಜಿನ ಮುಂದೆ ಮಗಳು ರಟ್ಟಿನ ಹಾಳೆಗಳನ್ನು ಮಡಚಿ ಕೇಕಿನ ಡಬ್ಬ ಮಾಡುತ್ತಿದ್ದಳು. ತೊಟ್ಟಿದ್ದು ಮಾಸ್ಟರು ಹೊಲಿದ ಆ ನೀಲಿ ಲಂಗವೇ. ಶಾಲೆಗಿಲ್ಲದ ಮೇಲೆ ಕೆಲಸಕ್ಕಾದರೂ ಆಗಲಿ ಎಂದಿರಬೇಕು. ನೆರಿಗೆಗಳ ತುಂಬ ಮೈದಾ ಹಿಟ್ಟು ಕೂತಿತ್ತು. ಹುಡುಗಿ ಒಮ್ಮೆ ತಲೆಯೆತ್ತಿ ಇವರನ್ನು ನೋಡಿ, ಮತ್ತೆ ರಟ್ಟಿನ ಕಡೆ ತಿರುಗಿದಳು.

"ತಾಯಿ, ನಾನು ದೊಡ್ಡ ತಪ್ಪು ಮಾಡ್ಬಿಟ್ಟೆ," ಎಂದರು ಮಾಸ್ಟರು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತು ಇನ್ನೂ ಬಹಳ ಇತ್ತು. ಬಾಯಿಗೆ ಬಂದದ್ದು ಇಷ್ಟೇ.

ಬೇಕರಿಯಮ್ಮ ಅಚ್ಚು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಈಗ್ಯಾಕೆ ಬಂದ್ರಿ? ನಿಮ್ಮನೆಗೂ ಬರುತ್ತೆ ಅಂತ ಗೊತ್ತಾಯ್ತಂತಲ್ಲ. ಅದಕ್ಕಾ?"

ಬೀದಿಯ ಸುದ್ದಿ ಬೇಕರಿಗೆ ತಲುಪಲು ಎಷ್ಟು ಹೊತ್ತು? ಮಾಸ್ಟರು ತಲೆ ತಗ್ಗಿಸಿದರು.

"ನೀವೊಬ್ರೇ ನಕ್ಕಿದ್ರೆ ನಾನು ಕೇಳೇ ಕೇಳ್ತಿದ್ದೆ," ಎಂದಳು ಅವಳು. "ನಿಮ್ಮ ಬಾಯಿ ಗೊತ್ತಿಲ್ವಾ ನಮಗೆ? ಆದ್ರೆ ಎಲ್ರೂ ನಕ್ಕರು. ಆಮೇಲೆ ನೀವು ನನ್ನ ಹೊಗಳಿದ್ರಿ ನೋಡಿ, ನೋಡಿ ಕಲೀರಿ ಅಂತ. ಅದಾದ ಮೇಲೆ ಆ ಕಾಗದ ಯಾವ ಮುಖ ಇಟ್ಕೊಂಡು ತೆಗೀಲಿ?"

"ಇವತ್ತೇ ಸಹಿ ಹಾಕ್ತೀನಿ. ಕಚೇರಿಗೂ ನಾನೇ ಬರ್ತೀನಿ."

"ಕೊನೆ ದಿನ ಮುಗಿದು ಎಷ್ಟೋ ದಿನ ಆಯ್ತು." ಅವಳು ಅಚ್ಚನ್ನು ಬೋರಲು ಹಾಕಿದಳು. ಇನ್ನೊಂದನ್ನು ಕೈಗೆತ್ತಿಕೊಂಡು, "ಮಂಗಳವಾರ ನನಗೆ ರಜೆ" ಎಂದಳು.

ಮಂಗಳವಾರ ಮಾಸ್ಟರು ಅಂಗಡಿಗೆ ಬೀಗ ಹಾಕಿದರು. ಕಚೇರಿಯಲ್ಲಿ ಉದ್ದನೆಯ ಹಜಾರ, ಗೋಡೆಗುಂಟ ಕುರ್ಚಿಗಳು, ಕುರ್ಚಿಗಳ ತುಂಬ ತಾಯಂದಿರು. ಅವರಲ್ಲಿ ಅರ್ಧಕ್ಕರ್ಧ ಜನರ ಮಕ್ಕಳ ಅಳತೆ ಮಾಸ್ಟರಿಗೆ ಬಾಯಿಪಾಠ. ಎರಡು ಗಂಟೆ ಅವರ ನಡುವೆ ಕೂತಿರಬೇಕಾಯಿತು. ಯಾರೂ ಏನೂ ಅನ್ನಲಿಲ್ಲ. ಒಬ್ಬಾಕೆ ಮಾತ್ರ ಚೀಲ ಸರಿಸಿ, "ಕೂತ್ಕೊಳ್ಳಿ ಮಾಸ್ಟರ್" ಎಂದು ಜಾಗ ಮಾಡಿಕೊಟ್ಟಳು. ಆ ಮರ್ಯಾದೆ ಅವರಿಗೆ ಮುಳ್ಳಿನ ಹಾಗೆ ಚುಚ್ಚಿತು.

ಕಿಟಕಿಯ ಗುಮಾಸ್ತ ಹಳೆಯ ಅರ್ಜಿಯನ್ನು ತಿರುಗಿಸಿ ನೋಡಿದ. "ಅವಧಿ ಮೀರಿದೆ. ತಡವಾದದ್ದಕ್ಕೆ ಕಾರಣ ಬರೆದು ಕೊಡ್ಬೇಕು. ಕಾಯಿಲೆ ಅಂತ ಬರೀರಿ, ಎಲ್ರೂ ಹಾಗೇ ಬರೀತಾರೆ."

"ಕಾಯಿಲೆ ಇರಲಿಲ್ಲ," ಎಂದಳು ಬೇಕರಿಯಮ್ಮ.

"ಹಾಗಾದ್ರೆ ಮನೆ ಬದಲಾವಣೆ? ಸಾವು?"

ಮಾಸ್ಟರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಕಾರಣಕ್ಕೆಂದು ಬಿಟ್ಟಿದ್ದ ಜಾಗ ಎರಡು ಗೆರೆ. ಅವರ ಅಕ್ಷರ ಅದರಲ್ಲಿ ಹಿಡಿಸದೆ ಅಂಚಿಗೆ ಏರಿತು: ಈಕೆ ಸಹಿ ಕೇಳಲು ನನ್ನ ಅಂಗಡಿಗೆ ಬಂದಾಗ ನಾನು ನಾಲ್ಕು ಜನರ ಮುಂದೆ ಗೇಲಿ ಮಾಡಿದೆ. ಅದಕ್ಕೆ ಕೇಳದೆ ಹೋದರು. ನನ್ನ ಮನೆಗೂ ಇದೇ ಭತ್ಯೆ ಬರುತ್ತದೆ.

ಗುಮಾಸ್ತ ಓದಿದ. ಮನಸ್ಸಿನಲ್ಲಿ ಓದಿದ್ದರೆ ಆಗುತ್ತಿತ್ತು. ಇಂಥದ್ದನ್ನು ಕಂಡೇ ಇರಲಿಲ್ಲವಾಗಿ ಜೋರಾಗಿಯೇ ಓದಿ, ಪಕ್ಕದ ಮೇಜಿನವನನ್ನು ಕರೆದ. "ಇಲ್ಲಿ ನೋಡ್ರೀ, ಗೇಲಿ ಅಂತೆ. ಪಟ್ಟಿಯಲ್ಲಿ ಇದು ಯಾವುದಕ್ಕೆ ಬರುತ್ತೆ? ಕಾಯಿಲೆಗೋ, ಪ್ರಕೃತಿ ವಿಕೋಪಕ್ಕೋ?"

"ಇತರೆ ಅಂತ ಹಾಕಿ," ಎಂದ ಅವನು.

ಹಜಾರ ಪೂರ್ತಿ ಕೇಳಿಸಿಕೊಂಡಿತು. ಮಾಸ್ಟರ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡಬಹುದಿತ್ತು, ಆದರೆ ಸರ್ಕಾರಿ ನೆಲ, ಕಲ್ಲು ಹಾಸಿದ್ದು.

ಕಾಗದ ಒಳಗಿನ ಕೋಣೆಗೆ ಹೋಯಿತು. ಅಲ್ಲಿದ್ದ ಅಧಿಕಾರಿಣಿ ನರೆಗೂದಲಿನ, ಮೆತ್ತನೆ ದನಿಯ ಹೆಂಗಸು. ಕಾಗದವನ್ನು ಎರಡು ಸಲ ಓದಿ ಬೇಕರಿಯಮ್ಮನನ್ನು ಕೇಳಿದರು, "ಇದು ನಿಜಾನಾ?"

"ನಿಜ ಮೇಡಂ. ಆದ್ರೆ ಪೂರ್ತಿ ಇವರ ತಪ್ಪಲ್ಲ. ಅಲ್ಲಿಂದ ಇನ್ನೊಂದು ಅಂಗಡಿಗೆ ಹೋಗಬಹುದಾಗಿತ್ತು ನಾನು. ಕಾಲು ಬರಲಿಲ್ಲ."

ಅಧಿಕಾರಿಣಿ ಪೆನ್ನು ತೆಗೆದರು. "ಮುಂದಿನ ತಿಂಗಳಿಂದ ಬರುತ್ತೆ. ಹೋದ ತಿಂಗಳುಗಳದ್ದು ಕೊಡೋಕೆ ನನಗೆ ಅಧಿಕಾರ ಇಲ್ಲ." ಸಹಿ ಹಾಕಿ ಮಾಸ್ಟರ ಕಡೆ ತಿರುಗಿ, "ಮಗು ಶಾಲೆಗೆ ಹೋಗ್ತಿದೆ ತಾನೇ?" ಎಂದರು. ಬೇಕರಿಯಮ್ಮನೇ ಹೇಳಿದಳು: "ಹೋಗ್ತಾಳೆ. ನಾಳೆಯಿಂದ."

ಹೋಗುವುದು ಹೇಳಿದಷ್ಟು ಸುಲಭವಾಗಲಿಲ್ಲ. ಹಾಜರಿ ಸಾಲದೆ ಆ ವರ್ಷದ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕಾಯಿತು. ಮಾಸ್ಟರ ಮಗಳು ಮುಂದಿನ ತರಗತಿಗೆ ಹೋದಳು, ಗೆಳತಿ ಹಿಂದೆ ಉಳಿದಳು. "ಚಿಕ್ಕೋರ ಜೊತೆ ಕೂರಲ್ಲ" ಎಂದು ಹುಡುಗಿ ಒಂದು ವಾರ ಅನ್ನ ಬಿಟ್ಟಳಂತೆ. ತಾಯಿ ಬಗ್ಗಲಿಲ್ಲ.

ಮಾಸ್ಟರು ಆ ಸಲದ ಯೂನಿಫಾರಂ ಎರಡು ಜೊತೆ ತಾವೇ ಬಟ್ಟೆ ಹಾಕಿ ಹೊಲಿದರು, ಗುಂಡಿಗಳನ್ನೂ ತಾವೇ ಹಚ್ಚಿದರು, ಮಡಚಿ ಮಗಳ ಕೈಯಲ್ಲಿ ಕಳಿಸಿದರು. ಮನಸ್ಸಿಗೆ ಒಂದಿಷ್ಟು ಹಗುರವಾಯಿತು. ಸಂಜೆ ಬೇಕರಿಯಮ್ಮ ಆ ಗಂಟು ಹಿಡಿದುಕೊಂಡೇ ಬಂದಳು. ಅಂಗಡಿಯಲ್ಲಿ ಜನರಿದ್ದರು. ಈ ಸಲ ಅವಳು ಅವರು ಹೋಗಲೆಂದು ಕಾಯಲಿಲ್ಲ.

"ಬೆಲೆ ಹೇಳಿ ಮಾಸ್ಟರ್."

"ಬೇಡ ತಾಯಿ, ನನ್ನ ಕಡೆಯಿಂದ..."

"ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ನನ್ನ ಮಗಳು ಬಿಟ್ಟಿ ಬಟ್ಟೆ ತೊಡ್ಬೇಕಾ? ಬೆಲೆ ಹೇಳಿ. ಸರ್ಕಾರದ್ದು ಬಂದಿದೆ, ಅದರಲ್ಲೇ ಕೊಡ್ತೀನಿ."

ಎಲ್ಲರೆದುರು, ಎತ್ತಿದ ದನಿಯಲ್ಲಿ, ಅವಳು ಆ ಮಾತು ಹೇಳಿದಳು. ಮಾಸ್ಟರು ಬೆಲೆ ಹೇಳಿದರು, ಒಂದು ಕಾಸೂ ಬಿಡದೆ. ಅವಳು ಕೊಟ್ಟು ಹೋದಳು. ಒಳ್ಳೆಯದು ಮಾಡಲು ಹೋಗಿಯೂ ತಾವು ಮತ್ತೆ ಎತ್ತರದಲ್ಲೇ ನಿಂತಿದ್ದೆವಲ್ಲ ಎಂಬುದು ಅರ್ಥವಾಗುವ ಹೊತ್ತಿಗೆ ಅವಳು ಬೀದಿಯ ತಿರುವು ದಾಟಿದ್ದಳು.

ಅಂದಿನಿಂದ ಅಂಗಡಿಯಲ್ಲಿ ಮಾತು ಕಡಿಮೆಯಾಯಿತು. "ನಿಮ್ಮಂಗಡಿ ಆಸ್ಪತ್ರೆ ಥರ ಆಗೋಯ್ತು ಮಾಸ್ಟರ್, ಕೆಮ್ಮೋಕೂ ಭಯ" ಎಂದು ಗೊಣಗಿ ಅಂಚೆಯಣ್ಣ ತನ್ನ ಪತ್ರಿಕೆಯೊಂದಿಗೆ ಕ್ಷೌರದ ಅಂಗಡಿಗೆ ವಾಸ ಬದಲಿಸಿದ. ಭತ್ಯೆಯ ಅರ್ಜಿ ಹಿಡಿದು ಯಾರಾದರೂ ಬಂದರೆ ಮಾಸ್ಟರು ಪರದೆಯ ಆಚೆ ಕರೆದು ಕೂರಿಸಿ, ಓದಿ, ತುಂಬಿ, ಸಹಿ ಹಾಕಿ ಕಳಿಸುತ್ತಿದ್ದರು. ಹೆಂಡತಿ ನೀರು ಕೊಡುತ್ತಿದ್ದಳು. ತಮ್ಮ ಮನೆಗೆ ಬರುವ ಹಣದ ಬಗ್ಗೆ ಅವರು ಮತ್ತೆಂದೂ ವಾಪಸ್ ಕಟ್ಟುವ ಮಾತಾಡಲಿಲ್ಲ. ಬೆಲೆಗಳು ಏರುವುದನ್ನು ನಿಲ್ಲಿಸಿದವು, ಇಳಿಯಲಂತೂ ಇಲ್ಲ. ಎರಡನೆಯ ವರ್ಷದ ಕೊನೆಗೆ ಭತ್ಯೆ ನಿಂತಿತು.

ಬೇಕರಿಯಮ್ಮ ಎದುರು ಸಿಕ್ಕರೆ, "ಚೆನ್ನಾಗಿದ್ದೀರಾ ಮಾಸ್ಟರ್?" ಎಂದು ವಿಚಾರಿಸುತ್ತಾಳೆ. ಅವಳ ಮಗಳು ಒಂದು ವರ್ಷ ತಡವಾಗಿಯಾದರೂ ಶಾಲೆ ಮುಗಿಸಿ, ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮಾಸ್ಟರೊಂದಿಗೆ ಅವಳು ಒಂದು ಮಾತೂ ಆಡಿಲ್ಲ. ಬೀದಿಯಲ್ಲಿ ಇವರನ್ನು ದೂರದಿಂದ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು, ಲಾರಿಗಳು ಓಡಾಡುವ ಬದಿ ಅದು. "ಒಂದಿನ ಮಾತಾಡ್ತಾಳೆ ಬಿಡಿ" ಎಂದು ಹೆಂಡತಿ ಸಮಾಧಾನ ಹೇಳಿದರೆ, "ಆಡಬೇಕಾಗಿಲ್ಲ ಕಣೇ, ಅವಳು ಮಾಡ್ತಿರೋದೇ ಸರಿ" ಎನ್ನುತ್ತಾರೆ.

ಆದ್ದರಿಂದ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸೈಕಲ್ಲಿನಲ್ಲಿ ಬಟ್ಟೆ ತರಲು ಹೊರಟಾಗ ಅವಳು ಎದುರು ಬರುವುದು ಕಂಡರೆ, ಮಾಸ್ಟರು ಮೊದಲೇ ಇಳಿದು, ಗೋಡೆಯ ಕಡೆ ತಿರುಗಿ, ಕಳಚಿರದ ಚೈನನ್ನು ಸರಿ ಮಾಡುತ್ತ ಬಗ್ಗಿಬಿಡುತ್ತಾರೆ. ಹುಡುಗಿ ರಸ್ತೆ ದಾಟದೆ ಈ ಬದಿಯಲ್ಲೇ ನಡೆದುಹೋಗುತ್ತಾಳೆ. ಚಪ್ಪಲಿಯ ಸದ್ದು ದೂರವಾದ ಮೇಲೆ ಮಾಸ್ಟರು ಎಣ್ಣೆಯ ಬೆರಳುಗಳನ್ನು ಒರೆಸಿಕೊಂಡು ಮೆಲ್ಲಗೆ ಏಳುತ್ತಾರೆ.